ಹಂದರವೂ ಸಾಲಪತ್ರವೂ: ಕನ್ನಡ ನಾಡಿನಲ್ಲಿ ಮದುವೆಯ ಏರ್ಪಾಡು ನಡೆದುಬಂದ ಬಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಕನ್ನಡಿಗರ ಬಾಯಲ್ಲಿ ಎಷ್ಟು ಕಾಲದಿಂದ ನಿಂತಿರುವದೋ ಹೇಳಲಾಗದು. ಈ ಎರಡು ಕಾರ್ಯಗಳನ್ನು ಹಿರಿಯರು ಒಂದೇ ನೊಗಕ್ಕೆ ಹೂಡಿದುದಕ್ಕೆ ಕಾರಣವುಂಟು. ಎರಡರಲ್ಲಿಯೂ ಮೊದಲು ಎಣಿಸಿದ ಹಣ ಸಾಲುವದಿಲ್ಲ. ಎರಡರಲ್ಲಿಯೂ ಹತ್ತು ಕೈಗಳ ಸಹಾಯವಿಲ್ಲದೆ ಕೆಲಸ ಸಾಗುವದಿಲ್ಲ. ಆದರೆ ಒಂದು ಭೇದವನ್ನು ಗಾದೆ ಹೇಳದೆ ಬಿಟ್ಟಿದೆ. ಸಾಲ ಮಾಡಿ ಕಟ್ಟಿದ ಮನೆಯು ಸಾಲಿಗನ ಕಣ್ಣೆದುರಿಗಾದರೂ ನಿಂತಿರುವದು. ಸಾಲ ಮಾಡಿ ಮಾಡಿದ ಮದುವೆಯ ಹಂದರವನ್ನಾದರೋ ಐದನೆಯ ದಿನಕ್ಕೆ ಬಿಚ್ಚಿಹಾಕುವರು. ಅನಂತರ ಉಳಿಯುವದು ಬೀಗತನ, ಇಲ್ಲವೆ ಸಾಲಪತ್ರ. ಹಲವು ಮನೆಗಳಲ್ಲಿ ಎರಡೂ. ಈ ಹಂದರಕ್ಕೂ ಆ ಪತ್ರಕ್ಕೂ ಇರುವ ಸಂಬಂಧವು ನಮ್ಮ ನಾಡಿನಲ್ಲಿ ಕಾಲಕಾಲಕ್ಕೆ ಹೇಗೆ ಬದಲಾಯಿತೆಂಬದನ್ನು ತಿಳಿದವರು ಮುಂದಿನ ಮದುವೆಯನ್ನು ಹೂಡುವಾಗ ಕೆಲವು ತಪ್ಪುಗಳನ್ನಾದರೂ ತಪ್ಪಿಸಿಕೊಳ್ಳಬಹುದು.

ಕನ್ನಡ ನಾಡಿನ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ಮದುವೆ ಯಾವದೆಂದು ಕೇಳಿದರೆ ಶರಣರ ಚರಿತ್ರೆಯನ್ನು ಬಲ್ಲವರು 12ನೆಯ ಶತಮಾನದ ಕಲ್ಯಾಣದ ಕಡೆಗೆ ಬೆರಳು ಮಾಡುವರು. ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳನ್ನು ಸಮಗಾರ ಹರಳಯ್ಯನವರ ಮಗನಿಗೆ ಕೊಟ್ಟು ಲಗ್ನ ಮಾಡಿದರೆಂದೂ, ಅದನ್ನು ಸಹಿಸದವರ ದೂರಿನಿಂದ ಬಿಜ್ಜಳನು ಆ ಇಬ್ಬರು ತಂದೆಗಳಿಗೆ ಘೋರ ಶಿಕ್ಷೆ ವಿಧಿಸಿದನೆಂದೂ, ಕಲ್ಯಾಣವು ಅಲ್ಲೋಲಕಲ್ಲೋಲವಾಯಿತೆಂದೂ ಪರಂಪರೆಯು ಹೇಳುತ್ತ ಬಂದಿದೆ. ಗಮನಿಸತಕ್ಕ ಮಾತೊಂದುಂಟು. ಆ ಮದುವೆಯಲ್ಲಿ ಎಷ್ಟು ಎಲೆ ಬಿದ್ದವು, ಎಷ್ಟು ಹೊನ್ನು ಕೈ ಬದಲಾಯಿಸಿತು ಎಂಬ ಮಾತನ್ನು ಯಾರೂ ನೆನಪಿನಲ್ಲಿಟ್ಟಿಲ್ಲ. ಯಾರು ಯಾರಿಗೆ ಕೊಟ್ಟರು, ಏಕೆ ಕೊಟ್ಟರು ಎಂಬದಷ್ಟೇ ಉಳಿದಿದೆ.

ಹೊನ್ನಿನ ಮಾತು ಶಾಸನಗಳಲ್ಲಿ ಸ್ಪಷ್ಟವಾಗಿ ಬರುವದು ವಿಜಯನಗರದ ಕಾಲದಲ್ಲಿ. ಆ ಕಾಲದ ಸುಂಕಗಳ ಪಟ್ಟಿಯಲ್ಲಿ ಮದುವೆಯ ಸುಂಕವೆಂಬದೂ ಒಂದು. ಒಕ್ಕಲಿಗನು ಹೊಲಕ್ಕೆ ತೆರುವಂತೆ, ನೇಕಾರನು ಮಗ್ಗಕ್ಕೆ ತೆರುವಂತೆ, ಮದುವೆಯ ಮನೆಯವರು ಮದುವೆಗೂ ತೆರಬೇಕಾಗಿತ್ತು. ಕೃಷ್ಣದೇವರಾಯನ ಆಳಿಕೆಯಲ್ಲಿ (1509–1529) ಈ ಸುಂಕವನ್ನು ಹಲವು ಸೀಮೆಗಳಲ್ಲಿ ಮಾನ್ಯ ಮಾಡಿ ಬಿಡಲಾಯಿತೆಂದು ಶಾಸನಗಳಿಂದ ತಿಳಿಯುವದು. ಅದಕ್ಕೂ ಮೊದಲಿನ ಇನ್ನೊಂದು ಲೇಖವು ಇದಕ್ಕಿಂತ ಕುತೂಹಲಕರವಾಗಿದೆ. ಇಮ್ಮಡಿ ದೇವರಾಯನ ಕಾಲದಲ್ಲಿ, 1425ರಲ್ಲಿ, ಪಡೈವೀಡು ರಾಜ್ಯದ ಬ್ರಾಹ್ಮಣರು ಕೂಡಿ ಒಂದು ಒಡಂಬಡಿಕೆಯನ್ನು ಬರೆದುಕೊಟ್ಟರು. ಇಂದಿನ ತಮಿಳುನಾಡಿನ ವಿರಿಂಚಿಪುರದ ದೇವಾಲಯದ ಗೋಡೆಯ ಮೇಲೆ ಅದು ಇದೆ. ಕನ್ನಡಿಗರು, ತಮಿಳರು, ತೆಲುಗರು, ಲಾಟರು ಎಂಬ ನಾಲ್ಕೂ ಪಂಗಡದವರು ಅದಕ್ಕೆ ಒಪ್ಪಿದವರು. ಇನ್ನು ಮೇಲೆ ವಿವಾಹವನ್ನು ಕನ್ಯಾದಾನವಾಗಿಯೇ ಮಾಡತಕ್ಕದ್ದು. ಹೊನ್ನನ್ನು ತೆಗೆದುಕೊಂಡು ಹೆಣ್ಣು ಕೊಡುವವರೂ, ಹೊನ್ನು ಕೊಟ್ಟು ಹೆಣ್ಣು ತರುವವರೂ ರಾಜದಂಡನೆಗೆ ಗುರಿಯಾಗಿ ಬ್ರಾಹ್ಮಣ್ಯಕ್ಕೆ ಹೊರಗಾಗುವರು, ಎಂಬದು ಅದರ ತಾತ್ಪರ್ಯ. ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಶಿಕ್ಷೆಯನ್ನು ಹೇಳಿದ ಈ ಲೇಖವನ್ನು ಓದುವಾಗ, ಐದು ನೂರು ವರುಷಗಳ ತರುವಾಯ, 1961ರಲ್ಲಿ, ದಿಲ್ಲಿಯ ಪಾರ್ಲಿಮೆಂಟಿನಲ್ಲಿ ಆದ ವರದಕ್ಷಿಣೆ ನಿಷೇಧದ ಕಾಯಿದೆಯು ನೆನಪಾಗದೆ ಇರದು. ಅಲ್ಲಿ ಹೆಣ್ಣಿನ ತಂದೆ ಹೊನ್ನು ಪಡೆಯುತ್ತಿದ್ದನು. ಇಲ್ಲಿ ಗಂಡಿನ ತಂದೆ. ರೋಗವು ಮಗ್ಗುಲು ಬದಲಿಸಿ ಮಲಗಿತೆಂದಷ್ಟೇ ಹೇಳಬೇಕು.

ಅರಸರ ಮಾತು ಹಾಗಿರಲಿ. ಹಳ್ಳಿಯ ಗೃಹಸ್ಥನು ಮದುವೆಯನ್ನು ಹೇಗೆ ಹೂಡುತ್ತಿದ್ದನು? ಇದಕ್ಕೆ ತಾಮ್ರಪಟಗಳಿಲ್ಲ, ಆಚಾರಗಳೇ ಸಾಕ್ಷಿ. 1884ರಲ್ಲಿ ಮುಂಬಯಿ ಸರಕಾರದವರು ಅಚ್ಚು ಮಾಡಿಸಿದ ಧಾರವಾಡ ಜಿಲ್ಲೆಯ ಗೆಜೆಟಿಯರು ಲಿಂಗವಂತರ ಆಚಾರಗಳನ್ನು ವಿಸ್ತಾರವಾಗಿ ವರ್ಣಿಸಿದೆ. ಅದರಲ್ಲಿ ಕಾಣುವ ಹಲವು ಪದ್ಧತಿಗಳು ಇಪ್ಪತ್ತನೆಯ ಶತಮಾನದ ನಡುಗಾಲದ ವರೆಗೆ ಬಡಗಣ ಕರ್ನಾಟಕದ ಊರುಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ನಡೆದವು.

ಮದುವೆಯ ಕಾಲವನ್ನು ಪಂಚಾಂಗಕ್ಕಿಂತ ಮೊದಲು ಹಗೇವು ಗೊತ್ತು ಮಾಡುತ್ತಿತ್ತು. ಸುಗ್ಗಿ ಮುಗಿದು ಕಾಳು ಮನೆಗೆ ಬಂದ ಮೇಲೆ, ಮುಂಗಾರಿನ ಬಿತ್ತಿಗೆಗೆ ಮೊದಲು, ಅಂದರೆ ಮಾಘದಿಂದ ಜ್ಯೇಷ್ಠದ ನಡುವೆ ಒಕ್ಕಲಿಗನ ಕೈ ಬಿಡುವಾಗಿರುವದು, ಎತ್ತುಗಳು ಬಿಡುವಾಗಿರುವವು, ಬಂಡಿಯ ದಾರಿ ಒಣಗಿರುವದು. ಆಷಾಢದಲ್ಲಿ ಮದುವೆ ಮಾಡಬಾರದೆಂಬ ನಿಯಮಕ್ಕೆ ಶಾಸ್ತ್ರಿಗಳು ಏನೇ ಕಾರಣ ಹೇಳಲಿ, ಬಿತ್ತುವ ಹೊತ್ತಿನಲ್ಲಿ ಊರನ್ನೆಲ್ಲ ಹಂದರದ ಕೆಳಗೆ ಕೂಡಿಸುವ ರೈತನು ಆ ವರುಷ ಉಣ್ಣುವದೇನು ಎಂಬ ಪ್ರಶ್ನೆಯೇ ಸಾಕಾದ ಕಾರಣವಾಗಿದೆ. ಬಿಸಿಲುಗಾಲದ ಮದುವೆಗೆ ಒಂದು ಕುಂದು: ನೀರು. ಆದುದರಿಂದಲೇ ಬೀಗರ ಊರಿನ ಬಾವಿಯ ಸ್ಥಿತಿಯನ್ನು ಮೊದಲು ವಿಚಾರಿಸಿ ದಿಬ್ಬಣದ ಬಂಡಿಗಳ ಸಂಖ್ಯೆಯನ್ನು ಗೊತ್ತು ಮಾಡುವ ಹಿರಿಯರಿದ್ದರು.

ನಿಶ್ಚಯವಾದ ದಿನದಿಂದ ಹೆಂಗಸರ ಕೆಲಸ ಆರಂಭವಾಗುತ್ತಿತ್ತು. ಶಾವಿಗೆ ಹೊಸೆಯುವದು, ಹಪ್ಪಳ ಸಂಡಿಗೆ ಇಡುವದು, ಅರಿಸಿನ ಕುಟ್ಟುವದು, ಬೇಳೆ ಒಡೆಯುವದು, ಹೋಳಿಗೆಗೆ ಗೋದಿ ಬೀಸುವದು, ಇವೆಲ್ಲ ಓಣಿಯ ಕೆಲಸವೇ ಹೊರತು ಒಂದು ಮನೆಯ ಕೆಲಸವಾಗಿರಲಿಲ್ಲ. ಬೀಸುವ ಹಾಡುಗಳು ಇಷ್ಟು ಸಮೃದ್ಧವಾಗಿ ಬೆಳೆದುದಕ್ಕೆ ಈ ಕೂಡುಗೆಲಸವೂ ಒಂದು ಕಾರಣವಿರಬೇಕು. ಗಂಡಸರು ಸೌದೆ ಒಡೆಯುವದು, ಬಾಳೆಯೆಲೆಯನ್ನೊ ಮುತ್ತಲದ ಪತ್ರಾವಳಿಯನ್ನೊ ಕೂಡಿಸುವದು, ಹಂದರದ ಗಳಗಳನ್ನು ತರುವದು ಮಾಡುತ್ತಿದ್ದರು. ಹಾಲಗಂಬವನ್ನು ನೆಟ್ಟ ಮೇಲೆ ಮನೆಯು ಮದುವೆಯ ಮನೆಯಾಯಿತು. ಆಮೇಲೆ ಯಜಮಾನನು ಊರು ಬಿಟ್ಟು ಹೋಗಲಾರನು.

ಊರಿನ ಆಯಗಾರರಿಗೆ ಒಬ್ಬೊಬ್ಬರಿಗೂ ಮದುವೆಯಲ್ಲಿ ಒಂದು ಪಾತ್ರವಿತ್ತು. ಕುಂಬಾರನ ಮನೆಯಿಂದ ಐರಾಣಿ ಗಡಿಗೆಗಳನ್ನು ವಾದ್ಯಸಮೇತವಾಗಿ ತರುವರು. ಮಡಿವಾಳನು ನಡೆಮಡಿ ಹಾಸುವನು. ಹೂಗಾರನು ಬಾಸಿಂಗ ದಂಡೆಗಳನ್ನು ಕಟ್ಟಿ ತರುವನು, ಬಳೆಗಾರನು ಬಳೆ ತೊಡಿಸುವನು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆಯಿಟ್ಟು ನೂಲು ಸುತ್ತಿ ಸುರಗಿಯ ನೀರು ಎರೆಯುವಾಗ ಸೋದರಮಾವನ ಮನೆಯವರಿಂದ ಮೊದಲ್ಗೊಂಡು ಎಲ್ಲರಿಗೂ ಒಂದೊಂದು ಹಕ್ಕು. ಪಂಚಕಳಶಗಳ ಸನ್ನಿಧಿಯಲ್ಲಿ, ಗುರು ಜಂಗಮರ ಸಾಕ್ಷಿಯಾಗಿ ಅಕ್ಕಿಕಾಳು ಬಿದ್ದ ಮೇಲೆ ಈ ಆಯಗಾರರೆಲ್ಲರಿಗೂ ಕಾಳು, ಬಟ್ಟೆ, ಊಟ ಸಲ್ಲಬೇಕು. ಹಣವು ಕಡಿಮೆ ಓಡಾಡುತ್ತಿತ್ತು. ಕಾಳೂ ಕೆಲಸವೂ ಹೆಚ್ಚು ಓಡಾಡುತ್ತಿದ್ದವು. ಅಡಿಗೆಯ ದೊಡ್ಡ ಹಂಡೆ ಕೊಪ್ಪರಿಗೆಗಳನ್ನು ಕೊಳ್ಳುವ ಶಕ್ತಿ ಯಾವ ಸಾಮಾನ್ಯ ಮನೆಗೂ ಇರಲಿಲ್ಲ. ದಾಸೋಹವಿರುವ ಮಠಗಳಲ್ಲಿ ಅವು ಇರುತ್ತಿದ್ದುದರಿಂದ, ಮಠದ ಪಾತ್ರೆಗಳನ್ನು ಒಯ್ದು ಕಾರ್ಯ ಮುಗಿದ ಮೇಲೆ ಬೆಳಗಿ ತಂದೊಪ್ಪಿಸುವ ವಾಡಿಕೆಯು ಅನೇಕ ಊರುಗಳಲ್ಲಿ ಇತ್ತು. ಇದು ಚಿಕ್ಕ ಮಾತೆಂದು ತೋರಬಹುದು. ಬಡವನಿಗೆ ಅದು ಅರ್ಧ ಮದುವೆ.

ಇನ್ನರ್ಧವು ಮುಯ್ಯಿ. ತೆಂಕಣ ಸೀಮೆಯಲ್ಲಿ ಮುಯ್ಯಿಯೆಂದೂ ಬಡಗಣ ಸೀಮೆಯಲ್ಲಿ ಆಯಾರವೆಂದೂ ಕರೆಯುವ ಈ ಪದ್ಧತಿಯನ್ನು ಕೆಲವರು ಬರಿಯ ಉಡುಗೊರೆಯೆಂದು ತಿಳಿಯುವರು. ಅದು ಉಡುಗೊರೆಯಲ್ಲ, ಬಡ್ಡಿಯಿಲ್ಲದ ಕೈಗಡ. ನೆಂಟರಿಷ್ಟರು ತಂದ ರೂಪಾಯಿ, ಕಾಳು, ಸೀರೆ, ಕುಪ್ಪಸದ ಖಣ ಇವುಗಳನ್ನು ಹಂದರದಲ್ಲಿ ಒಬ್ಬನು ಹೆಸರು ಹಿಡಿದು ಗಟ್ಟಿಯಾಗಿ ಕೂಗಿ ಹೇಳುವನು, ಇನ್ನೊಬ್ಬನು ಪಟ್ಟಿಯಲ್ಲಿ ಬರೆಯುವನು. ಆ ಪಟ್ಟಿಯನ್ನು ಮನೆಯ ಯಜಮಾನನು ಹೊಲದ ಕಾಗದಪತ್ರಗಳ ಜೊತೆಗೆ ಪೆಟ್ಟಿಗೆಯಲ್ಲಿಡುವನು. ಕೊಟ್ಟವನ ಮನೆಯಲ್ಲಿ ಮದುವೆಯಾದಾಗ ಪಟ್ಟಿ ತೆಗೆದು ನೋಡಿ ಅಷ್ಟನ್ನೂ, ಮೇಲೊಂದಿಷ್ಟನ್ನೂ ಹಿಂದಿರುಗಿಸುವನು. ಐವತ್ತು ಮನೆಗಳು ತಲೆಗೆ ಎರಡೆರಡು ರೂಪಾಯಿ ಮಾಡಿದರೆ ನೂರು ರೂಪಾಯಿ ಕೂಡಿತು. ಅದು ಐವತ್ತು ಸಲವಾಗಿ, ಇಪ್ಪತ್ತು ವರುಷಗಳಲ್ಲಿ, ತೀರುವ ಸಾಲ. ಸಾಹುಕಾರನಲ್ಲಿ ಇಂಥ ಕರಾರು ಎಲ್ಲಿಯೂ ದೊರೆಯದು. ಕೂಗಿ ಹೇಳುವದರಲ್ಲಿ ಮಾತ್ರ ಒಂದು ಕ್ರೌರ್ಯವಿತ್ತು. ಎಂಟಾಣೆ ತಂದವಳ ಹೆಸರನ್ನೂ ಅದೇ ದನಿಯಲ್ಲಿ ಕೂಗುವಾಗ ಅವಳ ತಲೆ ತಗ್ಗುತ್ತಿತ್ತು. ಬರಗಾಲದ ವರುಷಗಳಲ್ಲಿ ಆ ಭಯದಿಂದ ಮದುವೆಗೆ ಹೋಗದೆ ಉಳಿದವರೂ ಉಂಟು.

ಇಷ್ಟೆಲ್ಲ ಸಹಾಯವಿದ್ದೂ ಸಾಲವೇಕಾಗುತ್ತಿತ್ತು? ಬಂಗಾರಕ್ಕೆ, ಜವಳಿಗೆ, ದಿಬ್ಬಣದ ಆಡಂಬರಕ್ಕೆ ರೊಕ್ಕವೇ ಬೇಕು. ಊರಿನಲ್ಲಿ ರೊಕ್ಕವಿರುವದು ಸಾಹುಕಾರನ ಕೈಯಲ್ಲಿ. ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ಎತ್ತಿಕೊಳ್ಳಬಹುದು. ಒಬ್ಬನು ಮಗಳ ಮದುವೆಗೆ ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ 300 ರೂಪಾಯಿ ತಂದನೆನ್ನೋಣ. ತಿಂಗಳಿಗೆ 6, ವರುಷಕ್ಕೆ 72 ರೂಪಾಯಿ ಬಡ್ಡಿ. ಅದನ್ನು ಕೊಡಲಾಗದೆ ಹೋದರೆ ಐವತ್ತು ತಿಂಗಳಿಗೆ ಬಡ್ಡಿಯು ಅಸಲಿಗೆ ಸಮವಾಗುವದು. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಮನ್ನಿಸುತ್ತಿದ್ದ ದಾಮದುಪ್ಪಟ್ಟಿನ ನಿಯಮದಂತೆ ಅಸಲಿಗಿಂತ ಹೆಚ್ಚು ಬಡ್ಡಿಯನ್ನು ಒಮ್ಮೆಗೆ ವಸೂಲು ಮಾಡಕೂಡದು. ಈ ನಿಯಮವನ್ನು ಸಾಹುಕಾರನೂ ಬಲ್ಲನು. ಆದುದರಿಂದ ಐವತ್ತನೆಯ ತಿಂಗಳು ಬರುವ ಮೊದಲೇ ಅವನು ಹಳೆಯ ಪತ್ರವನ್ನು ಹರಿದು, ಅಸಲು ಬಡ್ಡಿ ಕೂಡಿಸಿ ಸುಮಾರು 600 ರೂಪಾಯಿಗೆ ಹೊಸ ಪತ್ರ ಬರೆಯಿಸಿಕೊಳ್ಳುವನು. ಇನ್ನು ಬಡ್ಡಿ ವರುಷಕ್ಕೆ 144. ಮೂರನೆಯ ಪತ್ರದಲ್ಲಿ ಹೊಲದ ಹೆಸರು ಬರುವದು.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ಆರಂಭವಾಗಿ ಅಹಮದನಗರ ಜಿಲ್ಲೆಗೂ ಹಬ್ಬಿದ ರೈತರ ದಂಗೆಯಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಮುಖ್ಯವಾಗಿ ಹುಡುಕಿದುದು ಇಂಥ ಪತ್ರಗಳನ್ನೇ; ಹುಡುಕಿ ತೆಗೆದು ಸುಟ್ಟರು. ಸರಕಾರದವರು ನೇಮಿಸಿದ ವಿಚಾರಣಾ ಮಂಡಲಿಯು ಕಾರಣಗಳನ್ನು ಶೋಧಿಸುವಾಗ, ರೈತನು ಮದುವೆಯಲ್ಲಿ ಹಾಳು ಮಾಡಿಯೇ ಸಾಲಗಾರನಾಗುವನೆಂದು ಅಧಿಕಾರಿಗಳು ಹೇಳುತ್ತಿದ್ದ ಮಾತನ್ನೂ ಪರೀಕ್ಷಿಸಿತು. ಅದರ ಅಭಿಪ್ರಾಯವು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಿತು: ಮದುವೆಯ ವೆಚ್ಚಕ್ಕೆ ಸಲ್ಲುವದಕ್ಕಿಂತ ಹೆಚ್ಚಿನ ಮಹತ್ವವನ್ನು ಕೊಡಲಾಗಿದೆ ಎಂದು ಅದು ಹೇಳಿತು. ಈ ಮಾತು ನೆನಪಿಡತಕ್ಕದ್ದು. ಬಡವನ ಸಾಲಕ್ಕೆಲ್ಲ ಅವನ ಹಂದರವನ್ನೇ ತೋರಿಸುವದು ಕಂದಾಯದ ಭಾರವನ್ನೂ ಬಡ್ಡಿಯ ದರವನ್ನೂ ಮರೆಮಾಡುವ ಸುಲಭೋಪಾಯವಾಗಿತ್ತು. ಹಾಗೆಂದು ಹಂದರವು ನಿರಪರಾಧಿಯೂ ಅಲ್ಲ. ವರುಷವರುಷದ ಚಿಕ್ಕ ಸಾಲಗಳಿಂದ ಮೊದಲೇ ಬಳಲಿದವನಿಗೆ ಮದುವೆಯು ಒಮ್ಮೆಗೇ ಬೀಳುವ ದೊಡ್ಡ ಹೊರೆ. 1879ರ ದಖ್ಖನ ರೈತರ ಪರಿಹಾರದ ಕಾಯಿದೆಯಿಂದ ನ್ಯಾಯಾಧೀಶರಿಗೆ ಪತ್ರದ ಹಿಂದಿನ ಪತ್ರವನ್ನು ಕೆದಕಿ ನೋಡುವ ಅಧಿಕಾರ ಬಂದಿತು. ಅದು ಮುಂದೆ ಕನ್ನಡ ಜಿಲ್ಲೆಗಳಿಗೂ ವಿಸ್ತರಿಸಿತು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘವು ಹುಟ್ಟಿದಾಗ, ಸಾಹುಕಾರನ ಹೊರತು ಬೇರೊಂದು ಬಾಗಿಲು ರೈತನಿಗೆ ಮೊದಲ ಸಲ ತೆರೆಯಿತು.

ವೆಚ್ಚವನ್ನು ತಗ್ಗಿಸಲು ಜನರು ತಾವಾಗಿ ಕಂಡುಕೊಂಡ ಒಂದು ಉಪಾಯವು ವೆಚ್ಚಕ್ಕಿಂತ ಕೆಟ್ಟದಾಗಿತ್ತು. ಹಂದರ ಒಂದೇ, ಊಟ ಒಂದೇ, ವಾದ್ಯ ಒಂದೇ ಇರಲು, ದೊಡ್ಡ ಮಗಳ ಜೊತೆಗೆ ಚಿಕ್ಕವಳದೂ ಆಗಿಹೋಗಲಿ ಎಂದು ಆರೇಳು ವರುಷದ ಕೂಸಿಗೂ ಬಾಸಿಂಗ ಕಟ್ಟುತ್ತಿದ್ದರು. ಬಾಲ್ಯವಿವಾಹಕ್ಕೆ ಧರ್ಮಶಾಸ್ತ್ರವನ್ನು ಮಾತ್ರ ದೂಷಿಸುವವರು ಈ ಮಿತವ್ಯಯದ ಲೆಕ್ಕವನ್ನು ಕಾಣುವದಿಲ್ಲ. ಆ ಕೂಸುಗಳಲ್ಲಿ ಎಷ್ಟೋ ಮಂದಿ ಗಂಡನ ಮುಖವನ್ನು ಅರಿಯುವ ಮೊದಲೇ ವಿಧವೆಯರಾದರು. ಲಿಂಗವಂತರಲ್ಲಿ ಉಡಿಕೆಯೆಂಬ ಪುನರ್ವಿವಾಹದ ಪದ್ಧತಿ ಇದ್ದುದರಿಂದ ಅವರ ಬಾಳು ಅಲ್ಲಿಗೇ ಮುಗಿಯುತ್ತಿರಲಿಲ್ಲ. ಹೊಸ ಸೀರೆ, ಬಳೆ, ತಾಳಿ, ಕೆಲವು ಹಿರಿಯರು. ಒಂದು ಸಂಜೆಯಲ್ಲಿ ಉಡಿಕೆ ಮುಗಿಯುತ್ತಿತ್ತು, ಸಾಲವಾಗುತ್ತಿರಲಿಲ್ಲ. ಆದರೆ ಅದನ್ನು ಅನೇಕ ಕಡೆಗಳಲ್ಲಿ ಹಾಡು ವಾದ್ಯಗಳಿಲ್ಲದೆ, ಮರೆಯಲ್ಲಿ ಮಾಡುವಂತೆ ಮಾಡುತ್ತಿದ್ದರು. ಇದ್ದುದರಲ್ಲಿ ಅತಿ ಸರಳವೂ ವಿವೇಕಯುತವೂ ಆದ ಮದುವೆಗೆ ಮಾತ್ರ ಹಂದರದ ಮರ್ಯಾದೆಯನ್ನು ಕೊಡದೆ ಹೋದುದು ವಿಪರ್ಯಾಸವೇ ಸರಿ.

ಮೈಸೂರು ಸಂಸ್ಥಾನವು 1894ರಲ್ಲಿಯೇ ಬಾಲ್ಯವಿವಾಹವನ್ನು ತಡೆಯುವ ಕಾನೂನನ್ನು ಮಾಡಿತು. ಎಂಟು ವರುಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ಮೀರಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವದನ್ನೂ ಅದು ನಿಷೇಧಿಸಿತು. ಬ್ರಿಟಿಶ್ ಹಿಂದುಸ್ಥಾನದಲ್ಲಿ ಶಾರದಾ ಕಾಯಿದೆಯು 1929ರಲ್ಲಿ ಆಗಿ 1930ರ ಎಪ್ರಿಲ್ 1ರಿಂದ ನಡೆಯಿತು: ಹುಡುಗಿಗೆ 14, ಹುಡುಗನಿಗೆ 18. 1949ರಲ್ಲಿ ಹುಡುಗಿಯ ವಯಸ್ಸು 15 ಆಯಿತು. 1978ರಲ್ಲಿ 18 ಮತ್ತು 21 ಎಂದಾಯಿತು. 2006ರ ಕಾಯಿದೆಯು ಇಂಥ ಮದುವೆಯನ್ನು ಮಾಡಿಸಿದವರಿಗೂ ಪೌರೋಹಿತ್ಯ ನಡೆಸಿದವರಿಗೂ ಎರಡು ವರುಷಗಳ ವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡವನ್ನೂ ಇಟ್ಟಿತು. ಕರ್ನಾಟಕವು 2016ರಲ್ಲಿ ತನ್ನ ತಿದ್ದುಪಡಿಯನ್ನು ಮಾಡಿ ಬಾಲ್ಯವಿವಾಹವನ್ನು ಮೂಲದಲ್ಲಿಯೇ ಅಸಿಂಧುವೆಂದು ಸಾರಿತು. ಹಂದರವೊಂದರಲ್ಲಿ ಎರಡು ಮದುವೆ ಮಾಡಬಯಸುವವರು ಚಿಕ್ಕವಳ ವಯಸ್ಸಿನ ದಾಖಲೆಯನ್ನು ಮೊದಲು ತೆಗೆದು ನೋಡುವದು ಇಂದಿಗೂ ಅವಶ್ಯವಾಗಿದೆ. 2006ರ ಕಾಯಿದೆಯು ಅಕ್ಷಯ ತೃತೀಯೆಯನ್ನು ಹೆಸರು ಹಿಡಿದೇ ಹೇಳಿ, ಅಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹಗಳನ್ನು ತಡೆಯುವ ಹೊಣೆಯನ್ನು ಜಿಲ್ಲಾಧಿಕಾರಿಗೆ ಒಪ್ಪಿಸಿದೆ. ಬಸವ ಜಯಂತಿಯೂ ಅದೇ ದಿನ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಆರಂಭಿಸಿದ ಆ ಉತ್ಸವದ ದಿನದಂದೇ ಕಾನೂನು ಇಷ್ಟು ಎಚ್ಚರದಿಂದಿರಬೇಕಾಗಿ ಬಂದುದು ಭಕ್ತರು ಯೋಚಿಸತಕ್ಕ ಮಾತು.

ತೆರವು ವರದಕ್ಷಿಣೆಯಾದ ಕತೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಒಕ್ಕಲುತನದ ಹಲವು ಜಾತಿಗಳಲ್ಲಿ ಗಂಡಿನವರೇ ಹೆಣ್ಣಿನವರಿಗೆ ತೆರ ಕೊಡುತ್ತಿದ್ದುದನ್ನು 1942ರಲ್ಲಿ ಮೈಸೂರು ಸೀಮೆಯ ವಿವಾಹ ಮತ್ತು ಕುಟುಂಬಗಳನ್ನು ಕುರಿತು ಪುಸ್ತಕ ಬರೆದ ಎಂ. ಎನ್. ಶ್ರೀನಿವಾಸರು ದಾಖಲಿಸಿದ್ದಾರೆ. ಹುಡುಗರು ಇಂಗ್ಲಿಷ್ ಕಲಿತು ನೌಕರಿಗೆ ಸೇರಿದಂತೆಲ್ಲ, ಸಂಬಳದ ವರನಿಗೆ ಬೆಲೆ ಕಟ್ಟುವ ರೂಢಿ ಪಟ್ಟಣಗಳಿಂದ ಹಳ್ಳಿಗಳಿಗೆ ಇಳಿಯಿತು. ತೆರ ಕೊಡಲಾಗದ ಬಡವನು ಮಗನ ಮದುವೆಯನ್ನು ಒಂದೆರಡು ವರುಷ ಮುಂದೂಡುತ್ತಿದ್ದನು. ದಕ್ಷಿಣೆ ಕೊಡಲಾಗದ ಬಡವನ ಮಗಳು ಮಾತು ಕೇಳುತ್ತ ಬದುಕಬೇಕಾಯಿತು.

ಐದು ದಿನಗಳ ಮದುವೆಯು ಮೂರಕ್ಕೂ, ಮೂರು ಒಂದಕ್ಕೂ ಇಳಿದುದು ಸುಧಾರಕರ ಉಪದೇಶದಿಂದ ಮಾತ್ರವಲ್ಲ. ಮೋಟಾರು ಬಂದು ದಿಬ್ಬಣವು ಸಂಜೆಗೆ ಊರಿಗೆ ಮರಳಬಲ್ಲುದಾಯಿತು. ನೌಕರನಿಗೆ ರಜೆ ಕಡಿಮೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಳು ಸಕ್ಕರೆಗಳಿಗೆ ಅಳತೆ ಬಿದ್ದು, ಐದು ದಿನ ಉಣಿಸುವೆನೆಂದರೂ ಉಣಿಸುವದು ಕಷ್ಟವಾಯಿತು. 1963ರಲ್ಲಿ ಬಂಗಾರದ ನಿಯಂತ್ರಣ ಬಂದು 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾದ ಆಭರಣಗಳನ್ನು ಹೊಸದಾಗಿ ಮಾಡಕೂಡದೆಂದಾದಾಗ ತಾಳಿ ಮಾಡಿಸುವವರೂ ಅಕ್ಕಸಾಲಿಗರೂ ಸಮಾನವಾಗಿ ಕಂಗೆಟ್ಟರು. ಆದರೆ ದಿನಗಳು ಕಡಿಮೆಯಾದಂತೆ ವೆಚ್ಚವು ಕಡಿಮೆಯಾಗಲಿಲ್ಲ. ಹಂದರದ ಜಾಗಕ್ಕೆ ಕಲ್ಯಾಣ ಮಂಟಪ ಬಂದಿತು, ಓಣಿಯ ಕೈಗಳ ಜಾಗಕ್ಕೆ ಕೂಲಿಯ ಅಡಿಗೆಯವರು ಬಂದರು, ಮಠದ ಕೊಪ್ಪರಿಗೆಯ ಜಾಗಕ್ಕೆ ಬಾಡಿಗೆಯ ಪಾತ್ರೆ ಬಂದಿತು. ಮೊದಲು ಕಾಳಿನಿಂದಲೂ ಕೆಲಸದಿಂದಲೂ ಸಂದಾಯವಾಗುತ್ತಿದ್ದುದೆಲ್ಲವೂ ಈಗ ರೊಕ್ಕದಿಂದ ಸಂದಾಯವಾಗಬೇಕು. ಹೀಗೆ ಒಂದು ದಿನದ ಮದುವೆಯು ಐದು ದಿನದ ಮದುವೆಗಿಂತ ಭಾರವಾಯಿತು. ಮುಯ್ಯಿಯ ಪಟ್ಟಿ ಬರೆಯುವವನು ಇಂದಿಗೂ ಬಾಗಿಲಲ್ಲಿ ಕೂತಿರುವನು. ಲಕೋಟೆಯೊಳಗಿನ ರೊಕ್ಕವನ್ನು ಕೂಗಿ ಹೇಳುವ ಪದ್ಧತಿ ಬಹುಮಟ್ಟಿಗೆ ನಿಂತಿತೆಂಬದು ಒಳ್ಳೆಯದೇ.

ಇದಕ್ಕೆ ಎರಡು ಬಗೆಯ ಪರಿಹಾರಗಳು ಕನ್ನಡ ನಾಡಿನಲ್ಲಿ ಹೊರಟವು. ಒಂದು ಕುವೆಂಪು ಅವರ ಮಂತ್ರಮಾಂಗಲ್ಯ. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಅವರು ದಕ್ಷಿಣೆಯಿಲ್ಲದೆ, ಆಡಂಬರವಿಲ್ಲದೆ, ವಧೂವರರು ಅರ್ಥವರಿತು ಆಡುವ ಪ್ರತಿಜ್ಞೆಗಳ ಮೂಲಕ ನೆರವೇರಿಸಿದರು. ಅದು ಓದಿದವರ ಮನಸ್ಸನ್ನು ಹಿಡಿಯಿತು. ಇನ್ನೊಂದು ಸಾಮೂಹಿಕ ವಿವಾಹ. ಇದು ಬಡವರ ಮನೆಯನ್ನು ಮುಟ್ಟಿತು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಇದನ್ನು ಆರಂಭಿಸಿದರು. ಸೀರೆ, ಧೋತರ, ಮಂಗಳಸೂತ್ರ, ಊಟಗಳೆಲ್ಲ ಕ್ಷೇತ್ರದಿಂದಲೇ, ವರದಕ್ಷಿಣೆ ಮಾತ್ರ ಕೂಡದು. ಅಲ್ಲಿ ಮದುವೆಯಾದ ಜೋಡಿಗಳ ಸಂಖ್ಯೆ ಹನ್ನೆರಡು ಸಾವಿರವನ್ನು ಮೀರಿದೆ. ಸುತ್ತೂರಿನ ಜಾತ್ರೆಯಲ್ಲಿಯೂ ನಾಡಿನ ಇತರ ಹಲವು ಮಠಗಳಲ್ಲಿಯೂ ಈ ಕಾರ್ಯವು ನಡೆಯುತ್ತ ಬಂದಿತು. ಹಂಡೆಗಳನ್ನು ಎರವಲು ಕೊಡುತ್ತಿದ್ದ ಮಠವು ಹಂದರವನ್ನೇ ಕೊಟ್ಟಿತೆಂದು ಇದನ್ನು ತಿಳಿಯಬಹುದು. ಕರ್ನಾಟಕ ಸರಕಾರವೂ 2020ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ಸಪ್ತಪದಿಯೆಂಬ ಯೋಜನೆಯನ್ನು ಸಾರಿ ವರನ ಬಟ್ಟೆಗೆ 5,000, ವಧುವಿನ ಬಟ್ಟೆಗೆ 10,000, ಸುಮಾರು 8 ಗ್ರಾಮಿನ ತಾಳಿ ಗುಂಡಿಗೆ 40,000, ಒಟ್ಟು 55,000 ರೂಪಾಯಿಗಳನ್ನು ಒಂದು ಜೋಡಿಗೆ ಗೊತ್ತು ಮಾಡಿತು.

ಸಾಮೂಹಿಕ ವಿವಾಹದಲ್ಲಿ ಒಂದು ಲೋಪವು ಕಾಣುತ್ತ ಬಂದಿದೆ, ಅದನ್ನು ಮುಚ್ಚಿಡುವದು ಸರಿಯಲ್ಲ. ಮಠದ ಹಂದರದಲ್ಲಿ ಅಕ್ಕಿಕಾಳು ಬಿದ್ದ ವಾರದೊಳಗೆ ಊರಿನಲ್ಲಿ ಬೀಗರೂಟವೆಂದು ಸಾವಿರ ಎಲೆ ಹಾಕಿಸಿ, ಉಳಿಸಿದ ಹಣವನ್ನೂ ಮೇಲೆ ಸಾಲದ ಹಣವನ್ನೂ ವೆಚ್ಚ ಮಾಡುವವರುಂಟು. ಹೀಗೆ ಮಾಡಿದರೆ ಮಠದವರ ಶ್ರಮವು ಕಾಲುಭಾಗವೂ ಫಲಿಸಲಿಲ್ಲವೆಂದೇ ಎಣಿಸಬೇಕು. ಎರಡೂ ಮನೆಯವರು ನಿಶ್ಚಯದ ದಿನವೇ ಈ ಮಾತನ್ನು ಬಾಯಿಬಿಟ್ಟು ಆಡಿ ಮುಗಿಸಿದಲ್ಲಿ ಮಾತ್ರ ಅದು ನಿಲ್ಲುವದು. ಲಗ್ನಪತ್ರಿಕೆ ಅಚ್ಚಾದ ಮೇಲೆ ಯಾರ ಮಾತೂ ನಡೆಯದು.

ಮದುವೆ ಹೂಡುವ ಇಂದಿನ ಗೃಹಸ್ಥನು ತಿಳಿದಿರತಕ್ಕ ಕಾನೂನಿನ ಮಾತು ಇನ್ನೆರಡುಂಟು. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರು ಹಿಡಿದು ತನ್ನೊಳಗೆ ಸೇರಿಸಿದೆ. ವಧುವಿನ ಇಲ್ಲವೆ ವರನ ಕಡೆಯ ರೂಢಿಯ ವಿಧಿಗಳಂತೆ ನಡೆದ ಮದುವೆಯು ಸಿಂಧುವೆಂದು ಅದರ 7ನೆಯ ಕಲಮು ಹೇಳುವದು. ಆದುದರಿಂದ ಗುರು ಜಂಗಮರ ಸಾಕ್ಷಿಯಾಗಿ ರೂಢಿಯಂತೆ ನಡೆದ ಸರಳವಾದ ಮದುವೆಯು ಕಾನೂನಿನ ದೃಷ್ಟಿಯಲ್ಲಿ ಯಾವ ವೈಭವದ ಮದುವೆಗಿಂತಲೂ ಕಡಿಮೆಯದಲ್ಲ. ಆದರೆ ಅದನ್ನು ನೋಂದಾಯಿಸತಕ್ಕದ್ದು. ಕರ್ನಾಟಕದಲ್ಲಿ ಇದಕ್ಕೆ 1976ರ ಕಾಯಿದೆಯುಂಟು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಡೀ ದೇಶಕ್ಕೆ ನೋಂದಣಿಯನ್ನು ಕಡ್ಡಾಯಮಾಡಲು ಆಜ್ಞಾಪಿಸಿತು. ಛಾಯಾಚಿತ್ರಕ್ಕೆ ಸಾವಿರಾರು ರೂಪಾಯಿ ಸುರಿದು ನೋಂದಣಿಯನ್ನು ಮರೆತ ಮನೆಗಳಲ್ಲಿ ಮುಂದೆ ಸೊಸೆಯು ವಿಧವೆಯಾದಾಗ, ಆಸ್ತಿಯ ಮಾತು ಬಂದಾಗ, ಆ ಚಿತ್ರಗಳನ್ನು ಹಿಡಿದು ಕಚೇರಿ ತಿರುಗಬೇಕಾಗುವದು.

ಎರಡನೆಯದು ಉಡುಗೊರೆಗಳ ಪಟ್ಟಿ. ವರದಕ್ಷಿಣೆ ಕಾಯಿದೆಯ ಕೆಳಗೆ 1985ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳಂತೆ, ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ, ವರನಿಗೆ ಬಂದವುಗಳ ಪಟ್ಟಿಯನ್ನು ವರನೂ ಮದುವೆಯ ಸಮಯದಲ್ಲಿಯೇ ಅಥವಾ ಆದಷ್ಟು ಬೇಗ ಬರೆದಿಡಬೇಕು. ವಸ್ತು ಯಾವದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು ಎಂಬದನ್ನೆಲ್ಲ ಬರೆದು ಇಬ್ಬರೂ ರುಜು ಹಾಕಬೇಕು. ನಮ್ಮ ಹಿರಿಯರು ಕಾಯಿದೆಯಿಲ್ಲದೆಯೇ ಆಯಾರದ ಪಟ್ಟಿಯನ್ನು ಬರೆಯುತ್ತಿದ್ದರು. ಇಂದು ಕಾಯಿದೆಯಿದ್ದರೂ ಬರೆಯುವವರು ವಿರಳ. ಬರೆಯಹೊರಟರೆ ಬೀಗರಿಗೆ ಅಪನಂಬಿಕೆಯಾಗಿ ತೋರುವದೆಂಬ ಸಂಕೋಚ. ಆ ಹಳೆಯ ಪಟ್ಟಿಯ ಎರಡು ಪುಟಗಳನ್ನು ವಧುವಿನ ಹೆಸರಿಗೆ ಬೇರೆಯಾಗಿಟ್ಟರೆ ಸಂಕೋಚವೂ ಇಲ್ಲ, ನಿಯಮವೂ ನಡೆಯಿತು.

ಏರ್ಪಾಡಿನ ಮಾತಿಗೆ ಬಂದರೆ, ಹಳೆಯ ಯಜಮಾನರು ಎಲ್ಲಕ್ಕೂ ಮೊದಲು ಗೊತ್ತು ಮಾಡುತ್ತಿದ್ದುದು ಎಲೆಗಳ ಸಂಖ್ಯೆ. ಬಂಗಾರ ಜವಳಿಗಳ ಮಾತು ಬೇರೆ. ಮಿಕ್ಕ ವೆಚ್ಚಗಳೆಲ್ಲ ಅದರ ಬೆನ್ನು ಹಿಡಿದು ಬರುವವು. ಹೋಳಿಗೆ, ಪಲ್ಯ, ಪಾಯಸಗಳಿರುವ ಊಟದಲ್ಲಿ ಒಂದು ಕಿಲೋ ಅಕ್ಕಿಯ ಅನ್ನವು ಎಂಟರಿಂದ ಹತ್ತು ಮಂದಿಗೆ ಸಾಕಾಗುವದು. ಐದು ನೂರು ಎಲೆಗೆ 50ರಿಂದ 62 ಕಿಲೋ. ಇದನ್ನು ಬಲ್ಲವನಿಗೆ ಕ್ವಿಂಟಲು ಅಕ್ಕಿಯ ಪಟ್ಟಿ ಬರೆದುಕೊಡುವ ಅಡಿಗೆಯವನ ಮುಂದೆ ಸುಮ್ಮನೆ ತಲೆಯಾಡಿಸುವ ಪ್ರಸಂಗ ಬರಲಾರದು. ಉಗ್ರಾಣದ ಕೀಲಿಯನ್ನು ಮನೆಯ ಯಜಮಾನನು ಇಟ್ಟುಕೊಳ್ಳಬಾರದು, ವಿವೇಕಿಯಾದ ಒಬ್ಬ ಅಳಿಯನಿಗೊ ಸೋದರಳಿಯನಿಗೊ ಕೊಡಬೇಕು ಎಂಬದು ಇನ್ನೊಂದು ವಾಡಿಕೆ. ಬಂದವರನ್ನು ಇದಿರುಗೊಳ್ಳುವವನು ಕೀಲಿ ಹಿಡಿದು ಓಡಾಡಿದರೆ ಎರಡೂ ಕೆಡುವವು. ದಿನವನ್ನು ಆರಿಸುವಾಗ ಊರಿಗೆಲ್ಲ ಒಪ್ಪುವ ಒಂದೇ ಮುಹೂರ್ತದ ಬೆನ್ನು ಹತ್ತದೆ, ಮಂಟಪವೂ ಅಡಿಗೆಯವರೂ ಬಿಡುವಾಗಿರುವ ದಿನವನ್ನು ಗುರುಗಳಲ್ಲಿ ಬಿನ್ನವಿಸಿ ಅಪ್ಪಣೆ ಪಡೆದವರಿಗೆ ಅರ್ಧ ತೊಂದರೆ ತಪ್ಪಿದೆ.

2020ರಲ್ಲಿ ಸಾಂಕ್ರಾಮಿಕ ರೋಗವು ದೇಶವನ್ನು ಕವಿದಾಗ ಸರಕಾರವು ಮದುವೆಗೆ ಐವತ್ತು ಮಂದಿಗಿಂತ ಹೆಚ್ಚು ಸೇರಕೂಡದೆಂದು ಆಜ್ಞೆ ಮಾಡಿತು. ಹೊಸದಾಗಿ ಸಾರಿದ್ದ ಸಪ್ತಪದಿಯ ಮುಹೂರ್ತವೂ ಮುಂದೆ ಹೋಯಿತು. ಮಂಟಪಗಳಿಗೆ ಬೀಗ ಬಿದ್ದುದರಿಂದ ಎಷ್ಟೋ ಮನೆಗಳ ಅಂಗಳದಲ್ಲಿ ಬಹುಕಾಲದ ಮೇಲೆ ಹಾಲಗಂಬ ನೆಟ್ಟರು. ಐವತ್ತು ಹೆಸರುಗಳ ಪಟ್ಟಿ ಬರೆಯಲು ಕುಳಿತ ಯಜಮಾನರು ಸೋದರಮಾವ, ಸೋದರತ್ತೆ, ಗುರುಗಳು, ಎರಡು ಮನೆಯ ಹಿರಿಯರು ಎಂದು ಎಣಿಸುತ್ತ ಹೋದಾಗ ಪಟ್ಟಿಯು ನಲವತ್ತರ ಸುಮಾರಿಗೆ ಮುಗಿಯಿತು. ಉಳಿದ ಹತ್ತು ಎಲೆಗಳಿಗಾಗಿ ಅಕ್ಕಪಕ್ಕದ ಓಣಿಯವರನ್ನು ಕರೆದರು.